ಸುಂಕದವನ ಮುಂದೆ ಸುಖದುಃಖ



‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಎಂಬ ಗಾದೆ ನಿಮಗೆಲ್ಲ ಗೊತ್ತು. ಕೇಳುವ ಮನಸ್ಸೇ ಇಲ್ಲದವನ ಹತ್ತಿರ ಕಷ್ಟ ತೋಡಿಕೊಂಡರೆ ಏನು ಬಂತು ಎಂದು ಹೇಳುವುದಕ್ಕೆ ನಮ್ಮ ಹಿರಿಯರು ಬಳಸುತ್ತಿದ್ದ ಮಾತು ಇದು. ಎತ್ತಿನ ಗಾಡಿಯಲ್ಲಿ ಮೆಣಸೋ ಬೆಲ್ಲವೋ ಹೇರಿಕೊಂಡು ಬಂದವನು ಸುಂಕದ ಕಟ್ಟೆಯಲ್ಲಿ ನಿಂತು, ‘ಸ್ವಾಮಿ, ದಾರಿಯಲ್ಲಿ ಮಳೆ ಹಿಡಿಯಿತು, ಅರ್ಧ ಮಾಲು ನೆನೆದು ಹೋಯಿತು, ಮನೆಯಲ್ಲಿ ಮಗಳ ಮದುವೆ’ ಎಂದರೆ, ಸುಂಕದವನು ಎಲ್ಲವನ್ನೂ ಕೇಳಿ ಕೊನೆಗೆ ‘ಸುಂಕ ಎಷ್ಟು ಕೊಡ್ತೀಯಪ್ಪ?’ ಎನ್ನುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ. ಸುಖದುಃಖ ಕೇಳುವುದು ಅವನ ಕೆಲಸವಲ್ಲ. ಹಾಗಾದರೆ ಅದು ಯಾರ ಕೆಲಸ? ಗಾದೆ ಅಲ್ಲಿಗೇ ನಿಲ್ಲುತ್ತದೆ, ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಆ ಉತ್ತರಕ್ಕಾಗಿ ಇವತ್ತು ನಿಮ್ಮನ್ನು 1812ನೇ ಇಸವಿಗೆ ಕರೆದುಕೊಂಡು ಹೋಗುತ್ತೇನೆ. ನಾವೀಗ ನೆಲೆಸಿರುವ ಈ ಅಮೆರಿಕದಲ್ಲೇ ನಡೆದ ಸಂಗತಿ ಇದು. ಯುದ್ಧದ ಕಾಲದಲ್ಲಿ ಸರಕು ತರಿಸಿಕೊಂಡು ಸಿಕ್ಕಿಹಾಕಿಕೊಂಡ ಒಂದಷ್ಟು ವರ್ತಕರು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರು. ಕಟ್ಟೆಯಲ್ಲಿ ಯಾರೂ ಕೇಳದಿದ್ದಾಗ ನ್ಯಾಯಾಧೀಶರ ಹತ್ತಿರ ಹೋದರು, ಖಜಾನೆ ಕಾರ್ಯದರ್ಶಿಯ ಹತ್ತಿರ ಹೋದರು, ಕೊನೆಗೆ ಕಾಂಗ್ರೆಸ್ಸಿನ ಬಾಗಿಲಿಗೇ ಹೋದರು. ಕಾಂಗ್ರೆಸ್ ಎಂದರೆ ಇಲ್ಲಿನ ಸಂಸತ್ತು. ಅದು ಕೇಳಿತು, ಕೇಳಿ ಒಂದು ಕಾಯ್ದೆ ಬರೆಯಿತು. ಆ ಕಾಯ್ದೆಯಲ್ಲಿ ಎರಡು ದೇಶಗಳ ನಡುವೆ ಬದುಕುವ ನಮ್ಮಂಥವರು ಗಮನಿಸಬೇಕಾದ ಒಂದು ಸಂಗತಿ ಇದೆ. ಅದಕ್ಕೇ ಈ ವಿಷಯ ಆರಿಸಿಕೊಂಡೆ.

ಮೊದಲು ಹಿನ್ನೆಲೆ. ಆಗ ಯೂರೋಪಿನಲ್ಲಿ ಬ್ರಿಟನ್ನಿಗೂ ನೆಪೋಲಿಯನ್ನನ ಫ್ರಾನ್ಸಿಗೂ ಘೋರ ಯುದ್ಧ ನಡೆಯುತ್ತಿತ್ತು. 1806ರಲ್ಲಿ ನೆಪೋಲಿಯನ್ ಬರ್ಲಿನ್ನಿನಿಂದ ಒಂದು ಆಜ್ಞೆ ಹೊರಡಿಸಿ ಬ್ರಿಟನ್ನಿನ ಜೊತೆ ಯಾರೂ ವ್ಯಾಪಾರ ಮಾಡಕೂಡದು ಎಂದ. 1807ರಲ್ಲಿ ಬ್ರಿಟನ್ ತನ್ನ ಆಜ್ಞೆಗಳನ್ನು ಹೊರಡಿಸಿ, ಫ್ರಾನ್ಸಿನ ಕಡೆಗೆ ಹೋಗುವ ಬೇರೆ ದೇಶಗಳ ಹಡಗುಗಳನ್ನು ಹಿಡಿಯುತ್ತೇವೆ ಎಂದಿತು. ಈ ಬ್ರಿಟಿಷ್ ಆಜ್ಞೆಗಳಿಗೆ ಚರಿತ್ರೆಯಲ್ಲಿ ‘ಆರ್ಡರ್ಸ್ ಇನ್ ಕೌನ್ಸಿಲ್’ ಎಂಬ ಹೆಸರಿದೆ. ಯಾರ ಜಗಳಕ್ಕೂ ಹೋಗದೆ ಇಬ್ಬರ ಜೊತೆಗೂ ವ್ಯಾಪಾರ ಮಾಡಿಕೊಂಡಿದ್ದ ಅಮೆರಿಕಕ್ಕೆ ಇದು ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದ ಹಾಗಾಯಿತು. ಸಾಲದ್ದಕ್ಕೆ ಬ್ರಿಟನ್ನಿನ ನೌಕಾಪಡೆ ಅಮೆರಿಕದ ಹಡಗುಗಳಿಂದ ನಾವಿಕರನ್ನು ಬಲವಂತವಾಗಿ ಎಳೆದೊಯ್ದು ತನ್ನ ಚಾಕರಿಗೆ ಹಾಕಿಕೊಳ್ಳುತ್ತಿತ್ತು.

ಅಮೆರಿಕ ತಕ್ಷಣ ಯುದ್ಧಕ್ಕೆ ಹೋಗಲಿಲ್ಲ. ವ್ಯಾಪಾರವನ್ನೇ ಆಯುಧ ಮಾಡಿಕೊಂಡಿತು. 1807ರ ಡಿಸೆಂಬರಿನಲ್ಲಿ ತನ್ನ ಹಡಗುಗಳು ಪರದೇಶಕ್ಕೆ ಹೋಗುವುದನ್ನೇ ನಿಲ್ಲಿಸಿತು. ಅದರಿಂದ ತನ್ನ ಬಂದರುಗಳೇ ಹಾಳು ಸುರಿದಾಗ 1809ರಲ್ಲಿ ಆ ಕಾಯ್ದೆ ಬದಲಾಯಿಸಿತು, 1810ರಲ್ಲಿ ಮತ್ತೆ ಬದಲಾಯಿಸಿತು. ಕೊನೆಗೆ 1811ರ ಮಾರ್ಚ್ 2ರಂದು ಬಂದ ಕಾಯ್ದೆಯ ಪ್ರಕಾರ ಬ್ರಿಟನ್ನಿನಿಂದ ಯಾವ ಸರಕನ್ನೂ ತರುವಂತಿಲ್ಲ, ತಂದರೆ ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳುತ್ತದೆ. ಆದರೆ ಅದೇ ಕಾಯ್ದೆಯಲ್ಲಿ ಒಂದು ಮಾತು ಕೊಟ್ಟಿತ್ತು. ಬ್ರಿಟನ್ ತನ್ನ ಆಜ್ಞೆಗಳನ್ನು ಹಿಂತೆಗೆದುಕೊಂಡರೆ ಅಧ್ಯಕ್ಷರು ಅದನ್ನು ಘೋಷಿಸುತ್ತಾರೆ, ಆಮೇಲೆ ಈ ನಿರ್ಬಂಧ ಇರುವುದಿಲ್ಲ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ.

ಈಗ ಎರಡು ತಾರೀಖು ಹೇಳುತ್ತೇನೆ. 1812ರ ಜೂನ್ 18ರಂದು ಅಮೆರಿಕ ಬ್ರಿಟನ್ನಿನ ಮೇಲೆ ಯುದ್ಧ ಸಾರಿತು. ಅದೇ ಜೂನ್ 23ರಂದು ಲಂಡನ್ನಿನಲ್ಲಿ ಸರ್ಕಾರ ಆ ಆಜ್ಞೆಗಳನ್ನು ಹಿಂತೆಗೆದುಕೊಂಡಿತು. ನಡುವೆ ಇರುವುದು ಐದೇ ಐದು ದಿನ! ಇವತ್ತಾಗಿದ್ದರೆ ಒಂದು ಫೋನ್ ಕರೆ ಸಾಕಿತ್ತು. ಆಗ ಸುದ್ದಿ ಹಾಯಿ ಹಡಗಿನಲ್ಲಿ ಬರಬೇಕು, ಅಟ್ಲಾಂಟಿಕ್ ದಾಟುವುದಕ್ಕೆ ವಾರಗಟ್ಟಲೆ ಬೇಕು. ಯುದ್ಧ ಸಾರಿದ ಸುದ್ದಿ ಲಂಡನ್ನಿಗೆ ಮುಟ್ಟುವಾಗ ಜುಲೈ ತಿಂಗಳು ಮುಗಿಯುತ್ತಾ ಬಂದಿತ್ತು.

ಆ ನಡುವಿನ ದಿನಗಳಲ್ಲಿ ಬ್ರಿಟನ್ನಿನ ಬಂದರುಗಳಲ್ಲಿದ್ದ ಅಮೆರಿಕನ್ ವರ್ತಕರು ಏನು ಮಾಡಿದರು ಅಂತೀರಿ? ಅವರು ಮೊದಲೇ ದುಡ್ಡು ಕೊಟ್ಟು ಕೊಂಡಿಟ್ಟಿದ್ದ ಉಣ್ಣೆ ಬಟ್ಟೆ, ಹತ್ತಿ ಬಟ್ಟೆ, ಕಬ್ಬಿಣದ ಸಾಮಾನು, ಪಿಂಗಾಣಿ ಎಲ್ಲ ಗೋದಾಮುಗಳಲ್ಲಿ ಕೊಳೆಯುತ್ತಿತ್ತು. ಆಜ್ಞೆ ಹೋಯಿತು ಎಂದು ಗೊತ್ತಾದ ಕೂಡಲೇ, ‘ನಮ್ಮ ಕಾಯ್ದೆಯೇ ಹೇಳಿದೆಯಲ್ಲ, ಆಜ್ಞೆ ಹೋದರೆ ನಿರ್ಬಂಧವೂ ಹೋಗುತ್ತದೆ’ ಎಂದುಕೊಂಡು ಸರಕನ್ನೆಲ್ಲ ಹಡಗಿಗೆ ಹೇರಿದರು. ಒಂದರ ಹಿಂದೆ ಒಂದು ಹಡಗುಗಳು ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ಬಾಲ್ಟಿಮೋರ್ ಕಡೆಗೆ ಹೊರಟವು.

ಇಲ್ಲಿಗೆ ಬಂದಾಗ ಊರೇ ಬೇರೆಯಾಗಿತ್ತು. ಯುದ್ಧ ನಡೆಯುತ್ತಿದ್ದ ಕಾರಣ ಅಧ್ಯಕ್ಷ ಮ್ಯಾಡಿಸನ್ ನಿರ್ಬಂಧ ಸಡಿಲಿಸುವ ಘೋಷಣೆ ಹೊರಡಿಸಲಿಲ್ಲ. ಆದ್ದರಿಂದ ಆಮದು ನಿಷೇಧದ ಕಾಯ್ದೆ ಹಾಗೇ ಇತ್ತು. ಸಾಲದ್ದಕ್ಕೆ ಜುಲೈ 1ರಂದು ಸುಂಕವನ್ನು ಇಮ್ಮಡಿ ಮಾಡಿದ್ದರು. ಸಮುದ್ರದಲ್ಲಿ ಅಮೆರಿಕದ್ದೇ ಖಾಸಗಿ ಯುದ್ಧನೌಕೆಗಳು ಶತ್ರುವಿನ ಸರಕು ಹಿಡಿಯುವುದಕ್ಕೆ ಸರ್ಕಾರದ ಪರವಾನಗಿ ಪಡೆದು ಹೊಂಚು ಹಾಕಿದ್ದವು. ಅವಕ್ಕೆ ಇದು ತಮ್ಮವರ ಮಾಲೋ ಶತ್ರುವಿನ ಮಾಲೋ ಎಂಬ ಗೊಂದಲ. ಆಗಸ್ಟ್ 28ರಂದು ಅಧ್ಯಕ್ಷರ ಕಡೆಯಿಂದ ಒಂದು ಸೂಚನೆ ಹೊರಟಿತು. ಬ್ರಿಟಿಷ್ ಆಜ್ಞೆ ರದ್ದಾಯಿತೆಂದು ನಂಬಿ ಸರಕು ಹೇರಿಕೊಂಡು ಬರುತ್ತಿರುವ ನಮ್ಮ ನಾಗರಿಕರ ಹಡಗುಗಳನ್ನು ತಡೆಯಬೇಡಿ, ಅವಕ್ಕೆ ನೆರವಾಗಿ, ಬಂದರು ಮುಟ್ಟಿದ ಮೇಲೆ ಸಂಬಂಧಪಟ್ಟ ಅಧಿಕಾರಿಗಳು ತೀರ್ಮಾನಿಸುತ್ತಾರೆ ಎಂಬುದು ಅದರ ಸಾರ. ಸಮುದ್ರದಲ್ಲಿ ಹೀಗೆ ಉಳಿದ ಹಡಗು ಬಂದರಿನಲ್ಲಿ ಸುಂಕದವನ ಕೈಗೆ ಬಿತ್ತು.

ಸುಂಕದ ಅಧಿಕಾರಿಗಳು ಕಾಯ್ದೆಯಂತೆ ಸರಕು ಮುಟ್ಟುಗೋಲು ಹಾಕಿಕೊಂಡರು. ವರ್ತಕರು ನ್ಯಾಯಾಲಯದಲ್ಲಿ ಸರಕಿನ ಬೆಲೆಗೆ ಸಮನಾದ ಜಾಮೀನು ಪತ್ರ ಬರೆದುಕೊಟ್ಟು ಮಾಲನ್ನು ಬಿಡಿಸಿಕೊಂಡು ಮಾರಿದರು. ಮೊಕದ್ದಮೆ ಸೋತರೆ ಆ ಪತ್ರದಲ್ಲಿದ್ದಷ್ಟು ಹಣವನ್ನು ಕಟ್ಟಲೇಬೇಕು. ಎಲ್ಲ ಬಂದರುಗಳ ಪತ್ರಗಳನ್ನು ಒಟ್ಟು ಸೇರಿಸಿದರೆ ಆ ಕಾಲದ ಲಕ್ಷ ಲಕ್ಷ ಡಾಲರು. ಅನೇಕ ಮನೆತನಗಳು ಒಂದೇ ಸಲಕ್ಕೆ ಮುಳುಗಿ ಹೋಗುವಷ್ಟು ಹಣ ಅದು.

ನಮ್ಮ ಗಾದೆ ಇಲ್ಲಿ ಎಷ್ಟು ಸರಿಯಾಗಿ ಕೂರುತ್ತದೆ ನೋಡಿ. ಆಗಿನ ನಿಯಮದ ಪ್ರಕಾರ ಮುಟ್ಟುಗೋಲು ಹಾಕಿದ ಸರಕಿನ ಬೆಲೆಯಲ್ಲಿ ಅರ್ಧ ಸರ್ಕಾರಕ್ಕೆ, ಇನ್ನರ್ಧ ಬಂದರಿನ ಸುಂಕದ ಅಧಿಕಾರಿಗಳಿಗೆ. ಯಾರಾದರೂ ಸುಳಿವು ಕೊಟ್ಟಿದ್ದರೆ ಆ ಅರ್ಧದಲ್ಲಿ ಅವರಿಗೂ ಪಾಲು. ನಿಮ್ಮ ಮಾಲು ಹೋದಷ್ಟೂ ಸುಂಕದವನ ಜೇಬು ತುಂಬುತ್ತದೆ. ಅಂಥವನ ಮುಂದೆ ಸುಖದುಃಖ ಹೇಳಿ ಏನು ಪ್ರಯೋಜನ? ಅವನು ಕಲ್ಲುಮನಸ್ಸಿನವನೇ ಆಗಬೇಕಿಲ್ಲ, ನಿಯಮವೇ ಅವನನ್ನು ಕಿವುಡನನ್ನಾಗಿ ಮಾಡಿಟ್ಟಿತ್ತು.

ಹಾಗಂತ ಈ ದೇಶದಲ್ಲಿ ದಾರಿಯೇ ಇರಲಿಲ್ಲ ಎಂದಲ್ಲ. 1797ರಲ್ಲೇ ಕಾಂಗ್ರೆಸ್ ಒಂದು ಕಾಯ್ದೆ ಮಾಡಿತ್ತು. ಸುಂಕದ ತಪ್ಪಿಗೆ ದಂಡ ಬಿದ್ದವನು ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಹಾಕಬಹುದು. ನ್ಯಾಯಾಧೀಶರು ವಿಚಾರಣೆ ಮಾಡಿ, ನಡೆದದ್ದು ಏನು ಎಂಬುದನ್ನು ಮಾತ್ರ ಬರೆದು ಖಜಾನೆ ಕಾರ್ಯದರ್ಶಿಗೆ ಕಳಿಸಬೇಕು. ಬೇಕೆಂದೇ ಮಾಡಿದ ಅಲಕ್ಷ್ಯವಾಗಲಿ, ಮೋಸದ ಉದ್ದೇಶವಾಗಲಿ ಇರಲಿಲ್ಲ ಎಂದು ಕಾರ್ಯದರ್ಶಿಗೆ ಅನ್ನಿಸಿದರೆ ಅವರು ದಂಡವನ್ನು ಮನ್ನಾ ಮಾಡಬಹುದು. ಒಳ್ಳೆಯ ಏರ್ಪಾಡು. ಸುಂಕ ವಸೂಲಿ ಮಾಡುವವನು ಒಬ್ಬ, ನಿಜ ಯಾವುದೆಂದು ನೋಡುವವನು ಇನ್ನೊಬ್ಬ, ಕ್ಷಮಿಸುವವನು ಮತ್ತೊಬ್ಬ.

ಆಗಿನ ಖಜಾನೆ ಕಾರ್ಯದರ್ಶಿ ಆಲ್ಬರ್ಟ್ ಗ್ಯಾಲಟಿನ್. ಇವರ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಇವರೂ ನಮ್ಮ ಹಾಗೆ ಹೊರಗಿನಿಂದ ಬಂದವರು. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಹುಟ್ಟಿ 19ನೇ ವಯಸ್ಸಿನಲ್ಲಿ ಈ ದೇಶಕ್ಕೆ ಬಂದರು. ಇವರ ಇಂಗ್ಲಿಷಿನಲ್ಲಿದ್ದ ಫ್ರೆಂಚ್ ಧಾಟಿಯನ್ನು ವಿರೋಧಿಗಳು ಕೊನೆಯವರೆಗೂ ಅಣಕಿಸಿದರು. ಪೆನ್ಸಿಲ್ವೇನಿಯಾದಿಂದ ಸೆನೆಟ್ಟಿಗೆ ಆರಿಸಿ ಬಂದಿದ್ದವರನ್ನು, ನಾಗರಿಕರಾಗಿ ಒಂಬತ್ತು ವರ್ಷ ತುಂಬಿಲ್ಲ ಎಂಬ ಕಾರಣಕ್ಕೆ 1794ರಲ್ಲಿ ಹೊರಗೆ ಕಳಿಸಿದರು. ಕಾಗದದ ಮೇಲಿನ ತಾರೀಖು ಮನುಷ್ಯನ ಬದುಕನ್ನು ಹೇಗೆ ತಿರುಗಿಸುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಮೇಲೆ ಅವರೇ 1801ರಿಂದ 1814ರವರೆಗೆ ಖಜಾನೆ ನೋಡಿಕೊಂಡರು.

ಆದರೆ 1812ರಲ್ಲಿ ಗ್ಯಾಲಟಿನ್ನರ ಕಷ್ಟ ಬೇರೆಯಾಗಿತ್ತು. ಯುದ್ಧಕ್ಕೆ ಹಣವಿಲ್ಲ. ಆ ವರ್ಷ ಸರ್ಕಾರ ಎತ್ತಲು ಹೊರಟ 1 ಕೋಟಿ 10 ಲಕ್ಷ ಡಾಲರಿನ ಸಾಲಕ್ಕೆ ಜನ ಅಂದುಕೊಂಡಷ್ಟು ಮುಂದೆ ಬರಲಿಲ್ಲ. ಹೊಸ ತೆರಿಗೆ ಹಾಕಲು ಕಾಂಗ್ರೆಸ್ಸಿಗೆ ಧೈರ್ಯವಿಲ್ಲ. ಎದುರಿಗೆ ಮಾತ್ರ ವರ್ತಕರ ಜಾಮೀನು ಪತ್ರಗಳ ರಾಶಿ! ಗ್ಯಾಲಟಿನ್ ಒಂದು ನಡುದಾರಿ ಸೂಚಿಸಿದರು. ಸುಂಕದ ಅಧಿಕಾರಿಗಳಿಗೆ ಹೋಗುವ ಅರ್ಧವನ್ನು ಬಿಟ್ಟುಬಿಡೋಣ. ಸರ್ಕಾರದ ಅರ್ಧವನ್ನು ಬಿಡುವುದಾದರೆ, ವರ್ತಕರಿಗೆ ಬಂದಿರುವ ಅಸಾಮಾನ್ಯ ಲಾಭಕ್ಕೆ ಸಮನಾದ ಏನನ್ನಾದರೂ ಸಮುದಾಯಕ್ಕೆ ಪಡೆದುಕೊಳ್ಳೋಣ.

ಈ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ವರ್ತಕರ ಪರವಾಗಿ ಕಥೆ ಹೇಳುವಾಗ ನಾವು ಇದನ್ನು ಮರೆಮಾಚಬಾರದು. ಆಮದು ನಿಷೇಧದಿಂದಾಗಿ ಮಾರುಕಟ್ಟೆಯಲ್ಲಿ ಬ್ರಿಟಿಷ್ ಸರಕಿಗೆ ಬರ ಬಂದಿತ್ತು. ಹೀಗಾಗಿ ಯಾರ ಮಾಲು ಒಳಗೆ ಬಂತೋ ಅವರಿಗೆ ಒಳ್ಳೆಯ ಬೆಲೆ ಸಿಕ್ಕಿತ್ತು. ಕಾಯ್ದೆಗೆ ತಲೆಬಾಗಿ ಏನನ್ನೂ ತರಿಸದೆ ಅಂಗಡಿ ಖಾಲಿ ಇಟ್ಟುಕೊಂಡು ಕೂತವನಿಗೆ ಯಾವ ಲಾಭವೂ ಇಲ್ಲ. ಅವನು ಬಂದು, ‘ನಾನು ಕಾಯ್ದೆ ಪಾಲಿಸಿದೆ, ನಷ್ಟ ನನಗೆ. ಅವನು ಮುರಿದ, ಲಾಭವೂ ಅವನಿಗೆ, ಕ್ಷಮೆಯೂ ಅವನಿಗೇ?’ ಎಂದು ಕೇಳಿದರೆ ನೀವೇನು ಹೇಳುತ್ತೀರಿ? ಇನ್ನೊಂದು ಸಂಗತಿಯೂ ಇದೆ. ಯುದ್ಧದ ಸುದ್ದಿ ಲಂಡನ್ನಿಗೆ ಮುಟ್ಟಿದ ಮೇಲೂ ಹಲವು ಹಡಗುಗಳು ಹೊರಟು ಬಂದವು. ಅವರು ಗೊತ್ತಿಲ್ಲದೆ ಬಂದವರಲ್ಲ. ‘ಏನಾದರಾಗಲಿ, ಶತ್ರುದೇಶದಲ್ಲಿ ನಮ್ಮ ಆಸ್ತಿ ಬಿಟ್ಟು ಬರುವುದಕ್ಕಿಂತ ಮನೆಗೆ ತಂದು ನಮ್ಮ ಸರ್ಕಾರದ ಕೈಕಾಲು ಹಿಡಿಯೋಣ’ ಎಂದು ಬಂದವರು.

1812ರ ಕೊನೆಯ ತಿಂಗಳುಗಳಲ್ಲಿ ಇದು ಕಾಂಗ್ರೆಸ್ಸಿನಲ್ಲಿ ದೊಡ್ಡ ಚರ್ಚೆಯಾಯಿತು. ವರ್ತಕರ ಪರವಾಗಿ ಗಟ್ಟಿಯಾಗಿ ಮಾತಾಡಿದವರು ಯುದ್ಧವನ್ನು ವಿರೋಧಿಸಿದವರು ಮಾತ್ರ ಅಲ್ಲ. ಯುದ್ಧ ಬೇಕೆಂದು ಹಟ ಹಿಡಿದಿದ್ದ ದಕ್ಷಿಣ ಕೆರೊಲಿನಾದ ಇಬ್ಬರು ಯುವ ಸದಸ್ಯರೂ ಅದರಲ್ಲಿದ್ದರು. ಹಣಕಾಸು ಸಮಿತಿಯ ಮುಖ್ಯಸ್ಥ ಲ್ಯಾಂಗ್ಡನ್ ಚೀವ್ಸ್ ಒಬ್ಬರು, ಜಾನ್ ಕಾಲ್ಹೌನ್ ಇನ್ನೊಬ್ಬರು. ಅವರ ವಾದವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ: ಯುದ್ಧ ಇಡೀ ದೇಶದ್ದು, ಅದರ ಖರ್ಚೂ ಇಡೀ ದೇಶದ್ದಾಗಬೇಕು. ಅದಕ್ಕೆ ತೆರಿಗೆ ಹಾಕಿ, ಎಲ್ಲರೂ ಹೊರೋಣ. ಅದನ್ನು ಬಿಟ್ಟು, ದಂಡದ ಕಾಯ್ದೆ ಹಿಡಿದುಕೊಂಡು ಕೈಗೆ ಸಿಕ್ಕ ಕೆಲವರ ಜೇಬಿಗೆ ಖಜಾನೆ ಕೈ ಹಾಕಕೂಡದು. ದಂಡ ಇರುವುದು ತಪ್ಪು ತಡೆಯುವುದಕ್ಕೆ, ಬೊಕ್ಕಸ ತುಂಬುವುದಕ್ಕಲ್ಲ.

ಈ ಕೊನೆಯ ಮಾತು ನನಗೆ ತುಂಬ ಹಿಡಿಸಿತು. ಹೇಳಿದವರೆಲ್ಲ ದೊಡ್ಡ ಮನುಷ್ಯರು ಎಂದು ನಾನು ಹೇಳುತ್ತಿಲ್ಲ. ಇದೇ ಕಾಲ್ಹೌನ್ ಮುಂದೆ ಗುಲಾಮಗಿರಿಯನ್ನು ಸಮರ್ಥಿಸಿಕೊಂಡು ಕೆಟ್ಟ ಹೆಸರು ಪಡೆದವರು. ಆದರೂ ಈ ವಿಷಯದಲ್ಲಿ ಅವರ ಮಾತು ನ್ಯಾಯವಾಗಿತ್ತು.

ಕೊನೆಗೆ 1813ರ ಜನವರಿ 2ರಂದು ಕಾಯ್ದೆ ಹೊರಬಂತು. ಅದರಲ್ಲಿರುವುದು ಇಷ್ಟೇ. ಸರಕು ಹಡಗಿಗೆ ಹೇರುವಾಗ ನಿಜವಾಗಿಯೂ ಅಮೆರಿಕದ ನಾಗರಿಕರದ್ದಾಗಿರಬೇಕು. ಹಡಗು ಬ್ರಿಟನ್ ಅಥವಾ ಐರ್ಲೆಂಡಿನಿಂದ 1812ರ ಜೂನ್ 23ಕ್ಕೂ ಸೆಪ್ಟೆಂಬರ್ 15ಕ್ಕೂ ನಡುವೆ ಹೊರಟಿರಬೇಕು. 1797ರ ಕ್ರಮದಂತೆ ನ್ಯಾಯಾಧೀಶರ ಮುಂದೆ ಅರ್ಜಿ ಹಾಕಿ ಇದನ್ನು ರುಜುವಾತು ಮಾಡಬೇಕು. ಮೊಕದ್ದಮೆಯ ಖರ್ಚನ್ನೂ, ಮಾಲಿಗೆ ನ್ಯಾಯವಾಗಿ ಬರಬೇಕಾದ ಸುಂಕವನ್ನೂ ಕಟ್ಟಬೇಕು. ಇಷ್ಟಾದರೆ ದಂಡ, ಮುಟ್ಟುಗೋಲು ಎಲ್ಲ ಮನ್ನಾ.

ನಾನು ಆಗಲೇ ಹೇಳಿದ ಗಮನಿಸಬೇಕಾದ ಸಂಗತಿ ಇಲ್ಲಿದೆ. ಕನ್ನಡ ಎಂ.ಎ. ಓದಿದವಳಾದ್ದರಿಂದ ನನ್ನ ಕಣ್ಣು ಮೊದಲು ಹೋಗುವುದು ಕ್ರಿಯಾಪದದ ಮೇಲೆ! 1797ರ ಕಾಯ್ದೆ ಕಾರ್ಯದರ್ಶಿ ಮನ್ನಾ ‘ಮಾಡಬಹುದು’ ಎಂದಿತ್ತು. 1813ರ ಕಾಯ್ದೆ ‘ಮಾಡತಕ್ಕದ್ದು’ ಎಂದಿತು. ಅದರ ಹೆಸರಿನಲ್ಲೇ ‘ಕಾರ್ಯದರ್ಶಿಗೆ ನಿರ್ದೇಶನ ಕೊಡುವ ಕಾಯ್ದೆ’ ಎಂದಿದೆ. ‘ಬಹುದು’ ಎಂದಾಗ ಎದುರಿಗಿರುವವರ ಮನಸ್ಸು ಕಾಯಬೇಕು, ಅವರಿಗೆ ಗೊತ್ತಿರುವವರನ್ನು ಹುಡುಕಬೇಕು, ಮುಖ ನೋಡಿ ಮಾತಾಡಬೇಕು. ಅದು ದಯೆ. ‘ತಕ್ಕದ್ದು’ ಎಂದಾಗ ಕಾಗದ ಸರಿಯಿದ್ದರೆ ಸಾಕು, ಬಾಸ್ಟನ್ನಿನ ದೊಡ್ಡ ಸಾಹುಕಾರನಿಗೂ ಬಾಲ್ಟಿಮೋರಿನ ಚಿಕ್ಕ ಅಂಗಡಿಯವನಿಗೂ ಒಂದೇ ಉತ್ತರ. ಅದು ಹಕ್ಕು. ಕಾಂಗ್ರೆಸ್ ಆ ಸಾವಿರಾರು ಮೈಲಿ ನೀರನ್ನೂ ತಡವಾಗಿ ಬಂದ ಸುದ್ದಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡು, ದಯೆಯನ್ನು ಹಕ್ಕಾಗಿ ಬದಲಾಯಿಸಿತು.

ಇದನ್ನು ಓದುವಾಗ ನನಗೆ ಎಂ.ಎ. ತರಗತಿಯಲ್ಲಿ ಓದಿದ ಶಾಸನಗಳು ನೆನಪಾದವು. ನಮ್ಮ ಕನ್ನಡ ನಾಡಿನ ಶಾಸನಗಳಲ್ಲಿ ಪೆರ್ಜುಂಕ ಮುಂತಾದ ಸುಂಕಗಳ ಹೆಸರುಗಳು ಎಷ್ಟು ಸಲ ಬರುತ್ತವೆ ಎಂಬುದು ಓದಿದವರಿಗೆ ಗೊತ್ತು. ಸುಂಕದ ಅಧಿಕಾರಿಗಳು ತಮಗೆ ಬರುವ ಸುಂಕವನ್ನು ದೇವಸ್ಥಾನಕ್ಕೆ ಬಿಟ್ಟುಕೊಟ್ಟದ್ದನ್ನು ಕಲ್ಲಿನ ಮೇಲೆ ಕೆತ್ತಿಸಿದ್ದಾರೆ. ಐಹೊಳೆಯ ಐನೂರ್ವರಂಥ ವರ್ತಕ ಸಂಘಗಳು ಕೊಟ್ಟ ದತ್ತಿಗಳೂ ಹಾಗೇ ಕಲ್ಲಿನಲ್ಲಿವೆ. ಅದು ತೆರಿಗೆಯ ದತ್ತಿ, ಇದು ದಂಡದ ಮನ್ನಾ. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ಒಂದು ತಿಳಿವಳಿಕೆ ಎರಡರಲ್ಲೂ ಇದೆ. ಬಾಯಿಮಾತಿನಲ್ಲಿ ಬಿಟ್ಟುಕೊಟ್ಟದ್ದು ಆಳು ಬದಲಾದರೆ ಬದಲಾಗುತ್ತದೆ, ಎಲ್ಲರಿಗೂ ಕಾಣುವ ಹಾಗೆ ಬರೆದಿಟ್ಟದ್ದು ಉಳಿಯುತ್ತದೆ.

ಈ ಕಾಯ್ದೆ ಎಲ್ಲರನ್ನೂ ಕಾಪಾಡಿತೇ ಎಂದು ನೀವು ಕೇಳಿದರೆ, ಇಲ್ಲ ಎನ್ನಬೇಕಾಗುತ್ತದೆ. ಜೇಬೆಜ್ ಹ್ಯಾರಿಸನ್ ಎಂಬ ಅಮೆರಿಕನ್ ವರ್ತಕನೊಬ್ಬನಿದ್ದ. ಯುದ್ಧಕ್ಕೆ ಎಷ್ಟೋ ಮುಂಚೆ ಇಂಗ್ಲೆಂಡಿನಲ್ಲಿ ಸರಕು ಕೊಂಡು, ನೋವಾ ಸ್ಕೋಷಿಯಾ ಕಡೆಯ ಗಡಿಯ ಹತ್ತಿರದ ಒಂದು ದ್ವೀಪದಲ್ಲಿ ಇಟ್ಟಿದ್ದ. ಯುದ್ಧ ಶುರುವಾದ ಕೂಡಲೇ ಅವನ ಕಡೆಯವರು ‘ರ‍್ಯಾಪಿಡ್’ ಎಂಬ ಹಡಗು ಕಳಿಸಿ ಅದನ್ನು ಮನೆಗೆ ತರಿಸಲು ನೋಡಿದರು. ದಾರಿಯಲ್ಲಿ ಅಮೆರಿಕದ್ದೇ ಒಂದು ಖಾಸಗಿ ಯುದ್ಧನೌಕೆ ಅದನ್ನು ಹಿಡಿಯಿತು. 1814ರಲ್ಲಿ ಸುಪ್ರೀಂ ಕೋರ್ಟು, ಯುದ್ಧ ಶುರುವಾದ ಮೇಲೆ ಶತ್ರುವಿನ ನೆಲದಿಂದ ಸರಕು ತರುವುದು ಶತ್ರುವಿನ ಜೊತೆ ವ್ಯವಹಾರವೇ, ಸರಕು ನಿನ್ನದೇ ಆದರೂ ಸರಿ ಎಂದು ತೀರ್ಪು ಕೊಟ್ಟು ಮುಟ್ಟುಗೋಲನ್ನು ಎತ್ತಿ ಹಿಡಿಯಿತು. ಅವನದು ಬ್ರಿಟನ್ನಿನ ಬಂದರಿನಿಂದ ಹೊರಟ ಸರಕಲ್ಲ, ಗಡಿಯಾಚೆಯ ದ್ವೀಪದ್ದು. ಕಾಯ್ದೆ ಎಳೆದ ಗೆರೆಯ ಒಳಗಿದ್ದವರು ಉಳಿದರು, ಅವನು ಉಳಿಯಲಿಲ್ಲ.

ಇನ್ನೊಂದು ಗೆರೆ ನಮಗೆ ಇನ್ನೂ ಹತ್ತಿರದ್ದು. ಆ ಕಾಯ್ದೆಯ ಮೊದಲ ಷರತ್ತೇ ಸರಕು ‘ನಾಗರಿಕರದ್ದು’ ಆಗಿರಬೇಕೆಂಬುದು. ವರ್ಷಗಟ್ಟಲೆ ಇಲ್ಲೇ ಇದ್ದು, ಇಲ್ಲೇ ಅಂಗಡಿ ನಡೆಸಿ, ಇಲ್ಲೇ ಸುಂಕ ಕಟ್ಟಿದ್ದ, ಆದರೆ ಇನ್ನೂ ನಾಗರಿಕನಾಗದ ಬ್ರಿಟಿಷ್ ಪ್ರಜೆಗೆ ಅದರಲ್ಲಿ ಜಾಗವಿರಲಿಲ್ಲ. 1812ರ ಜುಲೈನಿಂದ ಅಂಥವರೆಲ್ಲ ತಮ್ಮ ಹೆಸರು, ವಯಸ್ಸು, ಮನೆಮಂದಿಯ ವಿವರಗಳನ್ನು ಮಾರ್ಷಲ್ ಎಂಬ ಅಧಿಕಾರಿಯ ಬಳಿ ಬರೆಸಬೇಕಾಯಿತು. ಮುಂದೆ ಅವರಲ್ಲಿ ವ್ಯಾಪಾರದಲ್ಲಿದ್ದ ಎಷ್ಟೋ ಜನರನ್ನು ಕಡಲ ತೀರದಿಂದ ದೂರ, ಒಳನಾಡಿಗೆ ಕಳಿಸಿದರು. ಅದೇ ಹಡಗು, ಅದೇ ಬಟ್ಟೆಯ ಮೂಟೆ, ಅದೇ ತಡವಾಗಿ ಬಂದ ಸುದ್ದಿ. ವ್ಯತ್ಯಾಸ ಒಂದು ಕಾಗದದ್ದು. ಗ್ರೀನ್ ಕಾರ್ಡಿನ ಸರದಿಯಲ್ಲಿ ವರ್ಷಗಟ್ಟಲೆ ನಿಂತಿರುವ ಮನೆಗಳಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಸತ್ತು ಕರುಣೆ ತೋರಿಸುವಾಗಲೂ ಮೊದಲು ಯಾರನ್ನು ತನ್ನವರೆಂದು ಎಣಿಸುತ್ತದೆ ಎಂಬುದನ್ನು ನಾವು ನೋಡಬೇಕು. ಆ ಎಣಿಕೆಯಲ್ಲಿ ಸೇರುವ ಅವಕಾಶ ಬಂದವರು ಅದನ್ನು ಸೋಮಾರಿತನದಿಂದ ಮುಂದೂಡಬಾರದು ಎಂಬುದು ನನ್ನ ಅನಿಸಿಕೆ.

ಸುಂಕದವನ ಪಾಲಿನ ಕಥೆ ಏನಾಯಿತು ಎಂದು ಕೇಳುತ್ತೀರೇನೋ. ಕಾರ್ಯದರ್ಶಿ ಮನ್ನಾ ಮಾಡಿದರೆ ತಮ್ಮ ಅರ್ಧವೂ ಹೋಗುತ್ತದಲ್ಲ ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1825ರಲ್ಲಿ ಕೋರ್ಟು, ಹಣ ಹಂಚಿಕೆಗಾಗಿ ಅಧಿಕಾರಿಯ ಕೈ ಸೇರುವ ತನಕ ಅವರ ಪಾಲನ್ನೂ ಸೇರಿಸಿ ಮನ್ನಾ ಮಾಡುವ ಅಧಿಕಾರ ಖಜಾನೆ ಕಾರ್ಯದರ್ಶಿಗೆ ಇದೆ ಎಂದಿತು. ಆದರೂ ಪಾಲು ಪದ್ಧತಿ ಹಾಗೇ ಉಳಿಯಿತು. 1873ರಲ್ಲಿ ನ್ಯೂಯಾರ್ಕಿನ ಫೆಲ್ಪ್ಸ್ ಡಾಜ್ ಎಂಬ ಲೋಹದ ವ್ಯಾಪಾರದ ಸಂಸ್ಥೆ, ಲೆಕ್ಕದ ತಪ್ಪುಗಳ ಆರೋಪ ಬಂದಾಗ ಮೊಕದ್ದಮೆ ತಪ್ಪಿಸಿಕೊಳ್ಳಲು 2,71,000 ಡಾಲರಿಗೂ ಹೆಚ್ಚು ಹಣ ಕಟ್ಟಿತು. ಸರ್ಕಾರಕ್ಕೆ ಆಗಿತ್ತೆಂದ ಸುಂಕದ ನಷ್ಟ ಅದರ ಮುಂದೆ ತೀರಾ ಚಿಕ್ಕದು. ಅದರಲ್ಲಿ ಪಾಲು ಪಡೆದವರ ಪೈಕಿ ಆಗ ನ್ಯೂಯಾರ್ಕ್ ಬಂದರಿನ ಸುಂಕಾಧಿಕಾರಿಯಾಗಿದ್ದ, ಮುಂದೆ ಈ ದೇಶದ ಅಧ್ಯಕ್ಷರೇ ಆದ ಚೆಸ್ಟರ್ ಆರ್ಥರ್ ಕೂಡ ಒಬ್ಬರು. ವರ್ತಕರು ದೊಡ್ಡ ಗದ್ದಲ ಮಾಡಿದರು. 1874ರಲ್ಲಿ ಕಾಂಗ್ರೆಸ್ ಇನ್ನೊಂದು ಕಾಯ್ದೆ ತಂದು ಅಧಿಕಾರಿಗಳ ಆ ಪಾಲನ್ನು ತೆಗೆದುಹಾಕಿತು. ಶಿಕ್ಷೆಯಿಂದ ಲಾಭ ಬರುವವನ ಕೈಯಲ್ಲಿ ಶಿಕ್ಷೆ ಕೊಡುವ ಅಧಿಕಾರ ಇರಬಾರದು ಎಂಬ ಸರಳ ಮಾತು ಕಾಯ್ದೆಯಾಗಲು ಅಷ್ಟು ವರ್ಷ ಬೇಕಾಯಿತು.

ನಮ್ಮ ಕನ್ನಡ ಕೂಟದಲ್ಲಿ ಹಿರಿಯರಿಗೆ ಅರ್ಜಿ ತುಂಬಿಕೊಡುವ ಕೆಲಸವನ್ನು ನಾವು ಕೆಲವರು ಮಾಡುತ್ತೇವೆ. ಅಲ್ಲಿ ಹೆಚ್ಚಾಗಿ ಕಿವಿಗೆ ಬೀಳುವ ಮಾತು, ‘ಬಿಡಮ್ಮ, ದಂಡ ಹಾಕಿದ್ದಾರೆ, ಕಟ್ಟಿಬಿಡೋಣ, ಇವರನ್ನೆಲ್ಲ ಕೇಳೋಕಾಗತ್ತಾ?’ ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ, ಪರದೇಶ, ಗೊತ್ತಿಲ್ಲದ ಭಾಷೆ. ಆದರೆ 1812ರ ವರ್ತಕರ ಕಥೆ ತಿಳಿದ ಮೇಲೆ ನಾನು ಅವರಿಗೆ ಮೂರು ಮಾತು ಹೇಳುತ್ತೇನೆ. ಮೊದಲನೆಯದು, ಸರ್ಕಾರಕ್ಕೆ ಅಹವಾಲು ಹೇಳಿಕೊಳ್ಳುವುದು ಬೇಡುವುದಲ್ಲ. ಈ ದೇಶದ ಸಂವಿಧಾನದ ಮೊದಲ ತಿದ್ದುಪಡಿಯಲ್ಲೇ ಆ ಹಕ್ಕನ್ನು ಬರೆದಿದ್ದಾರೆ. ಎರಡನೆಯದು, ಕಾಗದ ಇಟ್ಟುಕೊಳ್ಳಿ. ಆ ವರ್ತಕರನ್ನು ಉಳಿಸಿದ್ದು ಕಣ್ಣೀರಲ್ಲ, ಹಡಗು ಹೊರಟ ತಾರೀಖು ಮತ್ತು ಮಾಲು ಯಾರದೆಂದು ಹೇಳುವ ಪತ್ರ. ಮೂರನೆಯದು, ಕೇಳಬೇಕಾದವರನ್ನು ಕೇಳಿ. ಕಿಟಕಿಯ ಹಿಂದೆ ಕೂತ ಗುಮಾಸ್ತರ ಜೊತೆ ಜಗಳವಾಡಿದರೆ ಗಂಟಲು ನೋವು ಅಷ್ಟೇ. ಆ ದಂಡವನ್ನು ಮರುಪರಿಶೀಲಿಸುವವರು ಯಾರು, ಅವರಿಗೆ ಎಷ್ಟು ದಿನದೊಳಗೆ ಬರೆಯಬೇಕು ಎಂಬುದು ನಿಮಗೆ ಬಂದ ಕಾಗದದಲ್ಲೇ ಸಾಮಾನ್ಯವಾಗಿ ಇರುತ್ತದೆ. ಅಲ್ಲೂ ಆಗದಿದ್ದರೆ ನಿಮ್ಮ ಜಿಲ್ಲೆಯ ಕಾಂಗ್ರೆಸ್ ಸದಸ್ಯರ ಕಚೇರಿ ಇದೆ, ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಸಿಕ್ಕಿಕೊಂಡ ಕೆಲಸಗಳನ್ನು ವಿಚಾರಿಸುವುದಕ್ಕೆಂದೇ ಅಲ್ಲಿ ಜನರಿದ್ದಾರೆ.

ಕಾಯ್ದೆ ಮಾಡುವವರಿಗೂ ಆ ಐದು ದಿನಗಳ ಕಥೆ ಒಂದು ಮಾತು ಹೇಳುತ್ತದೆ. ನಿಯಮ ಒಂದು ಕೋಣೆಯಲ್ಲಿ ಒಂದು ಕ್ಷಣದಲ್ಲಿ ಬದಲಾಗುತ್ತದೆ. ಆದರೆ ಜನ ಆ ಕ್ಷಣದಲ್ಲಿ ದಾರಿಯಲ್ಲಿರುತ್ತಾರೆ. ಕೆಲವರು ಹಡಗಿನಲ್ಲಿ, ಕೆಲವರು ವಿಮಾನದಲ್ಲಿ, ಕೆಲವರು ಅರ್ಜಿ ಹಾಕಿ ಕಾಯುತ್ತಾ. ಹೊಸ ನಿಯಮ ಬರೆಯುವಾಗ ಆ ದಾರಿಯಲ್ಲಿರುವವರಿಗಾಗಿ ಒಂದು ಸಾಲು ಬರೆದರೆ ಮುಂದೆ ಎಷ್ಟೋ ಮನೆಗಳ ನಿದ್ದೆ ಉಳಿಯುತ್ತದೆ. 1813ರ ಕಾಯ್ದೆ ಆ ಸಾಲನ್ನು ತಡವಾಗಿ ಬರೆಯಿತು, ಕೆಲವರನ್ನು ಹೊರಗಿಟ್ಟು ಬರೆಯಿತು. ಆದರೂ ಬರೆಯಿತು, ಅದೂ ಯುದ್ಧದ ನಡುವೆ, ಬೊಕ್ಕಸ ಬರಿದಾಗಿದ್ದಾಗ.

ನಮ್ಮ ಗಾದೆ ಸುಳ್ಳಲ್ಲ, ಸುಂಕದವನು ಇವತ್ತಿಗೂ ಸುಖದುಃಖ ಕೇಳುವುದಿಲ್ಲ. ಆದರೆ ಊರಿನಲ್ಲಿ ಅವನೊಬ್ಬನೇ ಇಲ್ಲ. ಕೇಳಬೇಕಾದವರು ಬೇರೆ ಇದ್ದಾರೆ, ಅವರ ಬಾಗಿಲು ಎಲ್ಲಿದೆ ಎಂದು ತಿಳಿದುಕೊಳ್ಳುವುದು ನಮ್ಮ ಕೆಲಸ. ನಿಮ್ಮ ನೆರೆಹೊರೆಯಲ್ಲಿ ಆ ಬಾಗಿಲು ಗೊತ್ತಿಲ್ಲದ ಹಿರಿಯರೋ ಹೊಸದಾಗಿ ಬಂದವರೋ ಇದ್ದರೆ, ಈ ವಾರ ಅವರ ಜೊತೆ ಅರ್ಧ ಗಂಟೆ ಕೂತು ಅವರಿಗೆ ಬಂದ ಕಾಗದವನ್ನು ಓದಿ ಹೇಳಿ.